ಚೂರುಪಾರು

ಧಾರವಾಡದ ಕಡೆ ಮದುವೆ ಮುಗಿದ ಮರುದಿನವೇ ಲಗ್ನಪತ್ರಿಕೆಯನ್ನು ರದ್ದಿಗೆ ಹಾಕುವ ಮನೆ ಸಿಗುವುದು ಕಷ್ಟ. ಮೇಲೆ ಗಣಪತಿ ಇದ್ದಾನೆ, ಮೂಲೆಗೆ ಅರಿಷಿಣ ಹಚ್ಚಿದೆ, ಸಾಲದ್ದಕ್ಕೆ ರಟ್ಟು ದಪ್ಪ. ‘ಇರ್ಲಿ ಬಿಡ್ರಿ, ಯಾವದಕ್ಕರೆ ಬರ್ತೈತಿ’ ಎಂಬ ಒಂದು ಮಾತಿನ ಬಲದ ಮೇಲೆ ಅದು ಕಪಾಟಿನ ನೆತ್ತಿಗೆ ಏರುತ್ತದೆ. ಕುಪ್ಪಸ ಹೊಲಿದು ಉಳಿದ ಗುಳೇದಗುಡ್ಡ ಖಣದ ಪಟ್ಟಿ, ಹರಿದ ಇಳಕಲ್ ಸೀರೆಯ ದಡಿ, ಜೋಡಿ ಕಳೆದುಕೊಂಡ ಗುಂಡಿ, ಗೇಣುದ್ದದ ಜರಿ ಎಲ್ಲವೂ ಅಲ್ಲಿಯೇ ಒಂದು ಡಬ್ಬಿಯಲ್ಲಿ ಕೂಡುತ್ತವೆ. ಇವೆಲ್ಲ ಒಟ್ಟಿಗೆ ‘ಬರುವ’ ಕೆಲಸವೊಂದಿದ್ದರೆ ಅದು ಪದರದ ಮೇಲೆ ಪದರ ಕೂಡಿಸಿ ಮಾಡುವ ಶುಭಾಶಯದ ಕಾರ್ಡು.

ತಳದ ಕಾಗದದಲ್ಲಿ ಮಾತ್ರ ಜಿಪುಣತನ ಬೇಡ. ಅದೊಂದು ಹೊಸ ಹಾಳೆಯೇ ಇರಲಿ, 300 ಜಿಎಸ್‌ಎಂನ, ಅಂದರೆ ಚದರ ಮೀಟರಿಗೆ 300 ಗ್ರಾಮ್ ತೂಗುವ ಎ4. ಅಡ್ಡಕ್ಕೆ ಎರಡು ಮಾಡಿದರೆ 148ಕ್ಕೆ 210 ಮಿಲಿಮೀಟರಿನ ತುಂಡು ಸಿಗುತ್ತದೆ. ಅದನ್ನು ನಡುವೆ ಮಡಿಚಿದರೆ ಪೋಸ್ಟ್‌ಕಾರ್ಡಿಗಿಂತ ಒಂದು ಬೆರಳು ದೊಡ್ಡ ಕಾರ್ಡು. ಮಡಿಚುವ ಮುಂಚೆ ಹಾಳೆಯನ್ನು ಎರಡೂ ಕಡೆ ಮೆಲ್ಲಗೆ ಬಾಗಿಸಿ ನೋಡಬೇಕು. ಕಾಗದಕ್ಕೂ ಎಳೆ ಇರುತ್ತದೆ. ಎಳೆಗುಂಟ ಅದು ಸುಲಭವಾಗಿ ಬಾಗುತ್ತದೆ, ಮಡಿಕೆಯೂ ನೇರ ಬರುತ್ತದೆ. ಎಳೆಗೆ ಅಡ್ಡ ಮಡಿಚಿದರೆ ಮೇಲ್ಮೈ ಬಿರಿದು ಗೆರೆಯುದ್ದಕ್ಕೂ ಬಿಳಿ ನಾರು ಹಣಕುತ್ತದೆ. ಫೂಟ್‌ಪಟ್ಟಿ ಇಟ್ಟು ಶಾಯಿ ತೀರಿದ ಬಾಲ್‌ಪೆನ್ನಿನಿಂದ ಮೊದಲು ಗೆರೆ ಒತ್ತಿಕೊಳ್ಳಿ. ಅಂಥ ಪೆನ್ನಿಗೂ ಯಾವ ಮನೆಯಲ್ಲೂ ಬರವಿಲ್ಲ.

ಎರಡನೆಯ ಪದರಕ್ಕೆ ಲಗ್ನಪತ್ರಿಕೆ. 97ಕ್ಕೆ 140 ಕತ್ತರಿಸಿದರೆ ಸುತ್ತಲೂ ನಾಲ್ಕು ಮಿಲಿಮೀಟರ್ ಅಂಚು ಕಾಣುತ್ತದೆ. ಮಿರುಗುವ ಪ್ಲಾಸ್ಟಿಕ್ ಹೊದಿಕೆಯ ಪತ್ರಿಕೆಯಾದರೆ ಫೆವಿಕಾಲ್ ಹಿಡಿಯದು, ಒಣಗಿದ ಮೇಲೆ ಸಿಪ್ಪೆಯಾಗಿ ಏಳುತ್ತದೆ. ಅಂಟು ಬೀಳುವ ಜಾಗವನ್ನು ನಯವಾದ ಉಪ್ಪುಕಾಗದದಿಂದ ಉಜ್ಜಬೇಕು, ಇಲ್ಲವೇ ಡಬಲ್‌ಸೈಡ್ ಟೇಪಿಗೆ ಶರಣಾಗಬೇಕು. ಅರಿಷಿಣದ ಮೂಲೆ ಚೆಂದವೆಂದು ಉಳಿಸಿಕೊಳ್ಳುವವರು ಎರಡು ಸಂಗತಿ ನೆನಪಿಡಿ: ಸುಣ್ಣವೋ ಸಾಬೂನೋ ತಾಗಿದರೆ ಅದು ಕೆಂಪಾಗುತ್ತದೆ, ಬಿಸಿಲಿಗಿಟ್ಟರೆ ಮಾಸುತ್ತದೆ.

ಕಾರ್ಡು ಕೆಡುವುದು ಹೆಚ್ಚಾಗಿ ಅಂಟಿನಿಂದ. ಫೆವಿಕಾಲಿನಲ್ಲಿ ನೀರಿದೆ. ನೀರು ಕುಡಿದ ಕಾಗದ ಹಿಗ್ಗುತ್ತದೆ, ಒಣಗುವಾಗ ಕುಗ್ಗುತ್ತದೆ, ಅಂಟಿದ ಕಡೆಗೆ ಇಡೀ ಕಾರ್ಡನ್ನು ಎಳೆದುಕೊಂಡು ಸುಟ್ಟ ಹಪ್ಪಳದ ಹಾಗೆ ಮುರುಟುತ್ತದೆ. ಭಾರ ಹೇರಿದರೆ ಅರ್ಧ ವಾಸಿ. ಪೂರ್ತಿ ವಾಸಿಯಾಗಬೇಕೆಂದರೆ ಅದೇ ಹೊತ್ತಿಗೆ, ಅದೇ ಅಂಟಿನಿಂದ, ಮುಖಪುಟದ ಒಳಮೈಗೂ ಅಷ್ಟೇ ಅಳತೆಯ ತೆಳು ಕಾಗದ ಅಂಟಿಸಬೇಕು. ಎರಡು ಕಡೆಯ ಎಳೆತ ಸಮವಾದರೆ ಕಾರ್ಡು ಬಾಗುವುದಿಲ್ಲ. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಇದು ಒಣಗಲು ಒಂದು ರಾತ್ರಿ ಸಾಲದು; ಅವಸರವಿದ್ದರೆ ಕಾಗದಕ್ಕೆ ಗ್ಲೂಸ್ಟಿಕ್, ಬಟ್ಟೆಗೆ ಮಾತ್ರ ಫೆವಿಕಾಲ್.

ಖಣವನ್ನು ನೇರವಾಗಿ ಕತ್ತರಿಸಿದಿರೋ, ಎಳೆ ಬಿಚ್ಚಿಕೊಂಡು ಅಂಚು ಗಡ್ಡ ಬಿಡುತ್ತದೆ. ಒಂದು ಪಾಲು ಫೆವಿಕಾಲಿಗೆ ಒಂದು ಪಾಲು ನೀರು ಕೂಡಿಸಿ, ಬಟ್ಟೆಯ ಬೆನ್ನಿಗೆ ತೆಳ್ಳಗೆ ಸವರಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಒಣಗಿಸಿ. ಆಮೇಲೆ ಅದು ಕಾಗದದಂತೆಯೇ ಕತ್ತರಿಗೆ ಬಗ್ಗುತ್ತದೆ. ದಪ್ಪಗೆ ಸವರಿದರೆ ಅಂಟು ಮುಂಭಾಗಕ್ಕೆ ಇಣುಕಿ, ಖಣದ ಹೊಳಪನ್ನು ನುಂಗಿ ಕಲೆ ಬಿಡುತ್ತದೆ.

ಈ ಊರಿನ ಕಾರ್ಡಿಗೆ ಕಸೂತಿ ಬೇಡವೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಬೇಕು, ಆದರೆ ಗವಂತಿ ಎಂಬ ಹೊಲಿಗೆಯಷ್ಟೇ ಸಾಕು. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬುವುದು. ಬಟ್ಟೆಯ ಲೆಕ್ಕ ಕಾಗದಕ್ಕೆ ನಡೆಯುವುದಿಲ್ಲ. ತೂತುಗಳು ತೀರ ಹತ್ತಿರವಾದರೆ ರಟ್ಟು ಅಂಚೆಚೀಟಿಯ ಅಂಚಿನ ಹಾಗೆ ಹರಿದು ಕೈಗೆ ಬರುತ್ತದೆ. ಗ್ರಾಫ್ ಹಾಳೆ ಮೇಲಿಟ್ಟು ಐದೈದು ಮಿಲಿಮೀಟರಿಗೆ ಸೂಜಿಯಿಂದ ಚುಚ್ಚಿಕೊಂಡರೆ ಅಗಲಕ್ಕೆ ಹದಿನೆಂಟು ತೂತು ಹಿಡಿದಾವು. ಅಷ್ಟರಲ್ಲಿ ಆನೆ ಅಂಬಾರಿ ಕೂರದು, ಚಿಕ್ಕಿಯೋ (ನಕ್ಷತ್ರ) ಪುಟ್ಟ ತುಳಸಿಕಟ್ಟೆಯೋ ಕೂರುತ್ತದೆ. ಆರೆಳೆಯ ದಾರದಲ್ಲಿ ಎರಡೇ ಎಳೆ ಬಳಸಿ. ಕಸೂತಿಯಲ್ಲಿ ಗಂಟು ಹಾಕುವ ಪದ್ಧತಿ ಇಲ್ಲ, ಕಾಗದದಲ್ಲಿ ಗಂಟು ಉಬ್ಬಿಯೂ ಕಾಣುತ್ತದೆ; ದಾರದ ತುದಿಯನ್ನು ಹಿಂದೆ ಟೇಪಿನಿಂದ ಹಿಡಿಸಿದರಾಯಿತು. ಇದೆಲ್ಲ ಲಗ್ನಪತ್ರಿಕೆಯನ್ನು ತಳಕ್ಕೆ ಅಂಟಿಸುವ ಮೊದಲೇ ಮುಗಿಯಬೇಕು.

ಇಷ್ಟು ಕೂಡಿದ ಮೇಲೆ ನಿಜವಾದ ಪರೀಕ್ಷೆ. ಡಬ್ಬಿ ತೆರೆದೇ ಇರುತ್ತದೆ, ಪ್ರತಿ ಚೂರೂ ‘ನನ್ನನ್ನೂ ಹಚ್ಚು’ ಎನ್ನುತ್ತದೆ. ಟಿಕಲಿ ಹಚ್ಚೋಣ, ಮಣಿ ಕೂಡಿಸೋಣ, ಸಂಕ್ರಾಂತಿ ಕುಸುರೆಳ್ಳಿನ ಡಬ್ಬಿಗೆ ಕಟ್ಟಿದ್ದ ಆ ರಿಬ್ಬನ್ನೂ ಇರಲಿ. ಉಳಿದದ್ದನ್ನು ಖಾಲಿ ಮಾಡುವ ಹುರುಪಿನಲ್ಲಿ ಮಾಡಿದ ಕಾರ್ಡು ಎದ್ದು ಕಾಣುತ್ತದೆ, ಆದರೆ ಯಾವುದೂ ಅದರಲ್ಲಿ ಕಾಣುವುದಿಲ್ಲ. ಹೊಳೆಯುವುದು ಒಂದು, ಉಬ್ಬಿರುವುದು ಒಂದು, ಉಳಿದದ್ದು ಸಪಾಟು: ಇಷ್ಟಕ್ಕೆ ಕೈ ಕಟ್ಟಬೇಕು. ಖಣ ಹೊಳೆದರೆ ಜರಿಗೆ ರಜೆ. ಎರಡು ಮಿಲಿಮೀಟರ್ ಫೋಮ್ ಟೇಪಿನ ಮೇಲೆ ಗಣಪತಿಯನ್ನು ಎತ್ತಿ ಕೂರಿಸಿದರೆ ಗುಂಡಿ ಡಬ್ಬಿಗೆ ವಾಪಸ್ಸು. ಡಬ್ಬಿ ಖಾಲಿಯಾಗುತ್ತದೆ ಎಂಬ ಆಸೆಯನ್ನು ಮಾತ್ರ ಇಟ್ಟುಕೊಳ್ಳಬೇಡಿ. ಒಂದು ಚೂರಿನಿಂದ ಬೇಕಾದಷ್ಟು ಕತ್ತರಿಸಿದರೆ ಇನ್ನೆರಡು ಚೂರು ಹುಟ್ಟುತ್ತವೆ, ಅವೂ ಯಾವುದಕ್ಕಾದರೂ ಬರುತ್ತವಲ್ಲ.

ಕೈ ಕಟ್ಟಲು ಇನ್ನೊಂದು ಕಾರಣ ಅಂಚೆಯ ತಕ್ಕಡಿ. ಸಾಧಾರಣ ಪತ್ರಕ್ಕೆ 20 ಗ್ರಾಮಿನ ಲೆಕ್ಕ; ದಾಟಿದರೆ ಮುಂದಿನ 20ಕ್ಕೆ ಮತ್ತೆ ಚೀಟಿ. ತಳದ ತುಂಡೇ ಒಂಬತ್ತು ಗ್ರಾಮಿನ ಮೇಲೆ ತೂಗುತ್ತದೆ. ಲಗ್ನಪತ್ರಿಕೆ ಮೂರೂವರೆ, ಒಳಗಿನ ಕಾಗದ ಒಂದು, ಲಕೋಟೆ ನಾಲ್ಕು. ಬಟ್ಟೆ, ದಾರ, ಅಂಟಿಗೆ ಉಳಿದದ್ದು ಎರಡು ಗ್ರಾಮಿನ ಆಸುಪಾಸು, ಗುಂಡಿಗೆ ಅಲ್ಲಿ ಜಾಗವಿಲ್ಲ. ಹಚ್ಚಿಯೇ ತೀರುತ್ತೇನೆ ಎಂದರೆ ಅದರ ಮೇಲೆ ಠಸ್ಸೆ ಬಿದ್ದಾಗ ಲಕೋಟೆ ಹರಿಯುತ್ತದೆ. ಅಂಥ ಕಾರ್ಡನ್ನು ಕೈಯಾರೆ ಮುಟ್ಟಿಸುವುದೇ ವಾಸಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿದೆ. ನಿಂತು ಹೋಗುವ ಹೊತ್ತಾದರೆ ಎರಡು ರಟ್ಟಿನ ನಡುವೆ ಇಟ್ಟುಕೊಳ್ಳಿ, ಉಬ್ಬಿದ ಕಡೆ ಒಳಮುಖವಾಗಿ.