ಗುಡಿ ಯಾವ ಇಲಾಖೆಗಾದರೂ ಹೋಗಲಿ, ಜೊತೆಗೆ ದುಡ್ಡು ಹೋಗುತ್ತಾ?

‘ಪುರಾತತ್ವ ಇಲಾಖೆಯವರ ಕೈಲಿ ಆಗಲ್ಲ, ಪ್ರವಾಸೋದ್ಯಮಕ್ಕೆ ಕೊಟ್ಟುಬಿಡಿ.’ ‘ಕೇಂದ್ರದವರು ನೋಡ್ಕೊಳ್ತಿಲ್ಲ, ರಾಜ್ಯಕ್ಕೆ ಕೊಡಿ.’ ‘ರಾಜ್ಯದವರ ಹತ್ರ ದುಡ್ಡೇ ಇಲ್ಲ, ಎಎಸ್‌ಐಗೆ (ಕೇಂದ್ರದ ಪುರಾತತ್ವ ಸರ್ವೇಕ್ಷಣಾ ಇಲಾಖೆಗೆ) ಒಪ್ಪಿಸಿ.’ ಎಲ್ಲಾದರೂ ಒಂದು ಮಂಟಪ ಬಿದ್ದರೆ ಸಾಕು, ಟೈಮ್‌ಲೈನ್ ತುಂಬ ಇದೇ ಮಾತು. ಯಾಕೆ ಬಿತ್ತು ಅಂತ ಕೇಳೋರು ಕಮ್ಮಿ, ಯಾರ ಸುಪರ್ದಿಗೆ ಕೊಡಬೇಕು ಅಂತ ತೀರ್ಪು ಹೇಳೋರು ಜಾಸ್ತಿ. ನನ್ನದೂ ಒಂದು ತಕರಾರಿದೆ, ಸ್ವಲ್ಪ ಉದ್ದ.

ಯಾರದು ಅನ್ನೋದನ್ನ ಸಂವಿಧಾನ ತಕ್ಕಮಟ್ಟಿಗೆ ಹೇಳಿಯೇ ಬಿಟ್ಟಿದೆ. ರಾಷ್ಟ್ರೀಯ ಮಹತ್ವದ್ದು ಅಂತ ಘೋಷಣೆಯಾದ ಸ್ಮಾರಕ ಕೇಂದ್ರಕ್ಕೆ, ಉಳಿದದ್ದು ರಾಜ್ಯಕ್ಕೆ. ಕೇಂದ್ರದ್ದು 1958ರ ಕಾಯ್ದೆ, ನಮ್ಮದು 1961ರ ಕಾಯ್ದೆ. ಕರ್ನಾಟಕದಲ್ಲಿ ಎಎಸ್‌ಐ ಪಟ್ಟಿಯಲ್ಲಿ 500ಕ್ಕೂ ಹೆಚ್ಚು ಸ್ಮಾರಕಗಳಿದ್ದರೆ, ರಾಜ್ಯ ಇಲಾಖೆಯ ಪಟ್ಟಿಯಲ್ಲಿ 800ಕ್ಕೂ ಹೆಚ್ಚು. ಪೂಜೆ ನಡೆಯೋ ಗುಡಿಯಾದರೆ ಅನೇಕ ಕಡೆ ಮುಜರಾಯಿಯೂ ಸೇರಿಕೊಳ್ಳುತ್ತೆ. ಕಲ್ಲು ಒಬ್ಬರದು, ದೇವರು ಇನ್ನೊಬ್ಬರದು.

ಗದಗ ಜಿಲ್ಲೆಯಲ್ಲಿ ನಮ್ಮ ಕಡೆಯ ಒಂದು ಊರು, ಹೆಸರು ಬೇಡ. ಕಲ್ಯಾಣ ಚಾಲುಕ್ಯರ ಕಾಲದ ಸಣ್ಣ ಗುಡಿ. ಬಾಗಿಲವಾಡದ ಕೆತ್ತನೆ ನೋಡಿದರೆ ಕಣ್ಣು ಕೀಳೋಕಾಗಲ್ಲ, ಒಳಗೆ ಲಿಂಗಕ್ಕೆ ದಿನಾ ಪೂಜೆ. ಗೇಟಿನ ಪಕ್ಕ ‘ಸಂರಕ್ಷಿತ ಸ್ಮಾರಕ’ದ ಬೋರ್ಡು, ಹಾನಿ ಮಾಡಿದರೆ ಶಿಕ್ಷೆ ಅಂತ. ಶಿಖರದ ಕಲ್ಲಿನ ಸಂದಿಯಲ್ಲಿ ಒಂದು ಅರಳಿ ಸಸಿ. ಹಿಂದೆ ನೋಡಿದಾಗ ಬೆರಳು ದಪ್ಪ ಇತ್ತು, ಈಗ ಮುಂಗೈ ದಪ್ಪ ಆಗಿದೆ. ಅದನ್ನ ಸುಮ್ಮನೆ ಎಳೆದು ಕೀಳೋ ಹಾಗಿಲ್ಲ, ಬೇರಿನ ಜೊತೆ ಕಲ್ಲೂ ಬರುತ್ತೆ. ಕತ್ತರಿಸಿ ಬಿಟ್ಟರೆ ಮಳೆಗಾಲಕ್ಕೆ ಮತ್ತೆ ಚಿಗುರುತ್ತೆ. ಕಡಿದು, ಬೇರಿಗೆ ಔಷಧಿ ಹಾಕಿ ಸಾಯಿಸಿ, ಸಂದಿಗೆ ಸುಣ್ಣದ ಗಾರೆ ತುಂಬಬೇಕು. ಕೆಲಸ ಗೊತ್ತಿರೋ ಇಬ್ಬರಿಗೆ ಕೆಲವೇ ದಿನದ ಕೆಲಸ. ಯಾಕೆ ಆಗಿಲ್ಲ ಅಂತ ಪೂಜೆ ಮಾಡೋ ಐನೋರನ್ನ ಕೇಳಿದರೆ, ‘ನಾ ಕಿತ್ತರ ನನ್ನ ಮ್ಯಾಲ ಕೇಸ್ ಹಾಕ್ತಾರ್ರೀ. ಅವ್ರು ಕೀಳಂಗಿಲ್ಲ. ಗಿಡ ತನ್ನಷ್ಟಕ್ಕ ತಾ ಬೆಳ್ಯಾಕತ್ತೈತಿ’ ಅಂದರು. ಅವರಿಗೆ ತಸ್ತೀಕ್ ಕೊಡೋದು ಮುಜರಾಯಿ. ಆ ಹಣ ಪೂಜೆಗೆ, ಶಿಖರಕ್ಕಲ್ಲ. ಪುರಾತತ್ವದವರನ್ನ ವಿಚಾರಿಸಿದರೆ ಎಸ್ಟಿಮೇಟ್ ಆಗಬೇಕು, ಅನುಮೋದನೆ ಬರಬೇಕು, ಟೆಂಡರ್ ಕರೀಬೇಕು. ಒಂದು ಗಿಡಕ್ಕೆ ಯಾವ ಗುತ್ತಿಗೆದಾರ ಬರ್ತಾನೆ? ಹಾಗಾಗಿ ‘ಸಮಗ್ರ ಜೀರ್ಣೋದ್ಧಾರ’ದ ದೊಡ್ಡ ಪ್ಯಾಕೇಜು ಬರೋವರೆಗೂ ಅರಳಿಗೆ ಆಯುಷ್ಯ ಗಟ್ಟಿ.

ಈಗ ಈ ಗುಡಿಯನ್ನ ಪ್ರವಾಸೋದ್ಯಮಕ್ಕೆ ವರ್ಗಾಯಿಸಿದೆವು ಅಂತಿಟ್ಟುಕೊಳ್ಳಿ. ಏನಾಗುತ್ತೆ ಅಂತ ನಾನೇ ಹೇಳಬಲ್ಲೆ. ಊರ ಬಾಯಲ್ಲಿ ಸ್ವಾಗತ ಕಮಾನು, ಅಂಗಳಕ್ಕೆ ಗ್ರಾನೈಟ್ ಹಾಸು, ಒಂದು ಹೈಮಾಸ್ಟ್ ದೀಪ, ಒಂದು ಶೌಚಾಲಯ. ಶೌಚಾಲಯ ಬೇಡ ಅಂತಿಲ್ಲ, ಖಂಡಿತ ಬೇಕು, ಅದಕ್ಕೆ ನೀರೂ ಬಂದರೆ ಇನ್ನೂ ಒಳ್ಳೇದು. ಆದರೆ ಆ ಎಸ್ಟಿಮೇಟಿನಲ್ಲಿ ಅರಳಿ ಗಿಡಕ್ಕೆ ಒಂದು ಸಾಲೂ ಇರಲ್ಲ. ಪ್ರವಾಸೋದ್ಯಮದ ಕಣ್ಣಿಗೆ ಬೀಳೋದು ಜನ ಬರೋ ಜಾಗ. ಜನ ಬಾರದ ಗುಡಿ ಆ ಲೆಕ್ಕದಲ್ಲಿ ದಂಡ. ರಾಜ್ಯದ ಪಟ್ಟಿಯ 800ರಲ್ಲಿ ಎಷ್ಟು ಕಡೆ ಬಸ್ಸು ನಿಲ್ಲುತ್ತೆ ಹೇಳಿ?

ಹಂಪಿ ನೋಡಿ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ತುಂಗಭದ್ರೆಗೆ ಸೇತುವೆ ಕಟ್ಟೋಕೆ ಹೋಗಿ 1999ರಲ್ಲಿ ‘ಅಪಾಯದಲ್ಲಿರುವ ತಾಣ’ ಅನ್ನಿಸಿಕೊಂಡು, ಅದರಿಂದ ಹೊರಗೆ ಬರೋ ಹೊತ್ತಿಗೆ 2006. ಸೇತುವೆ ಕಟ್ಟೋರು ಒಬ್ಬರು, ಸ್ಮಾರಕ ಕಾಯೋರು ಇನ್ನೊಬ್ಬರು, ಅದಕ್ಕೇ ಎಡವಟ್ಟಾಯಿತು ಅಂತ 2002ರ ಕಾಯ್ದೆ ಮಾಡಿ ಪ್ರತ್ಯೇಕ ಪ್ರಾಧಿಕಾರ ತಂದರು. ಒಳ್ಳೆಯದೇ. ಆದರೆ ಹಳಬರು ಯಾರೂ ಹೋಗಲಿಲ್ಲ, ಹೊಸಬರು ಒಬ್ಬರು ಬಂದರು. ಎಎಸ್‌ಐ, ರಾಜ್ಯ ಪುರಾತತ್ವ, ಮುಜರಾಯಿ, ಪ್ರವಾಸೋದ್ಯಮ, ಪಂಚಾಯ್ತಿ, ಇವರ ಜೊತೆ ಪ್ರಾಧಿಕಾರ. ಅರ್ಧ ಕಟ್ಟಿದ್ದ ಆ ಆನೆಗೊಂದಿ ಸೇತುವೆ 2009ರಲ್ಲಿ ಕುಸಿಯಿತು. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಬಜಾರಿನ ಸಾಲುಮಂಟಪದ ಒಂದು ಭಾಗ ನೆಲಕ್ಕೆ ಬಿತ್ತು. ಇಷ್ಟು ಜನ ಇದ್ದೂ!

ಅಲ್ಲಿಯ ಹಣದ ದಾರಿ ಕೇಳಿದರಂತೂ ನಗು ಬರುತ್ತೆ. ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋಗೋಕೆ ನೀವು ಟಿಕೆಟ್ ತಗೋತೀರಲ್ಲ, ಆ ದುಡ್ಡು ಹಂಪಿಯಲ್ಲಿ ಉಳಿಯಲ್ಲ, ಎಎಸ್‌ಐ ಕೈಗೂ ನೇರವಾಗಿ ಸಿಗಲ್ಲ. ಹೋಗಿ ಸೇರೋದು ಕೇಂದ್ರದ ಸಂಚಿತ ನಿಧಿಗೆ, ಅಂದರೆ ಅದರ ಸಾಮಾನ್ಯ ಖಜಾನೆಗೆ. ಅಲ್ಲಿಂದ ಬಜೆಟ್ಟಿನಲ್ಲಿ ಎಷ್ಟು ವಾಪಸ್ ಕೊಟ್ಟರೆ ಅಷ್ಟು. ವಿರೂಪಾಕ್ಷನ ಹುಂಡಿ ಮುಜರಾಯಿ ಲೆಕ್ಕ. ಹುಂಡಿ ತುಂಬಿದರೂ ಪಕ್ಕದ ಮಂಟಪದ ಕಂಬಕ್ಕೆ ಒಂದು ಊರುಗೋಲು ಕೊಡೋ ಅಧಿಕಾರ ದೇವಸ್ಥಾನದವರಿಗಿಲ್ಲ.

ಅತ್ತ ಮೈಸೂರಿನದು ಇನ್ನೊಂದು ಬಗೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿತ್ತು. ಎರಡೂ ಮಹಾನಗರ ಪಾಲಿಕೆಯ ಆಸ್ತಿ. ಬಾಡಿಗೆ ಪಾಲಿಕೆಗೆ, ಪಾರಂಪರಿಕ ಅನ್ನೋ ಹೆಸರು ಕೊಟ್ಟವರು ಬೇರೆ, ಕೆಡವಬೇಕೋ ಉಳಿಸಬೇಕೋ ಅನ್ನೋ ಜಗಳ ಕೋರ್ಟಿನವರೆಗೆ. ರಾಜ್ಯ ಪುರಾತತ್ವ ಇಲಾಖೆ ಹುಟ್ಟಿದ್ದು ಮೈಸೂರು ಸಂಸ್ಥಾನದಲ್ಲೇ, 1885ರಲ್ಲಿ ಅನ್ನೋದನ್ನ ಇಲ್ಲಿ ನೆನಪಿಸಿಕೊಳ್ಳಬೇಕು. ಬಿ.ಎಲ್. ರೈಸ್, ಆರ್. ನರಸಿಂಹಾಚಾರ್, ಎಂ.ಎಚ್. ಕೃಷ್ಣ ಅವರಂಥ ವಿದ್ವಾಂಸರಿದ್ದ ಇಲಾಖೆ. ಶಾಸನ ಓದಿ, ಉತ್ಖನನ ಮಾಡಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ ಅನ್ನೋ ಶಾಸನ ಸಂಪುಟಗಳನ್ನ ಹೊರತಂದು ಹೆಸರು ಮಾಡಿದ್ದು ಅದು. ವಿದ್ವತ್ತಿನ ಇಲಾಖೆಗೆ ಆಮೇಲೆ ನೂರಾರು ಕಟ್ಟಡಗಳ ಕಾವಲು ಬಂತು. ಅದಕ್ಕೆ ಬೇಕಾದ ಎಂಜಿನಿಯರು, ಗಾರೆ ಕೆಲಸದವರು, ಕಲ್ಲುಕುಟಿಗರು ಅದೇ ಪ್ರಮಾಣದಲ್ಲಿ ಬರಲಿಲ್ಲ. ಇದನ್ನ ಸರಿಮಾಡದೆ ಇಲಾಖೆಯನ್ನ ಒಬ್ಬ ಸಚಿವರಿಂದ ಇನ್ನೊಬ್ಬರಿಗೆ ದಾಟಿಸಿದರೆ ಲೆಟರ್‌ಹೆಡ್ ಮುದ್ರಿಸೋನಿಗೆ ಮಾತ್ರ ಲಾಭ.

ವರ್ಗಾವಣೆಯೇ ತಪ್ಪು ಅಂತ ನಾನು ಹೇಳ್ತಿಲ್ಲ. ಇಂಗ್ಲೆಂಡಿನಲ್ಲಿ 2015ರಲ್ಲಿ ಇಂಗ್ಲಿಷ್ ಹೆರಿಟೇಜ್ ಅನ್ನೋ ಸರ್ಕಾರಿ ಸಂಸ್ಥೆಯನ್ನ ಎರಡು ಮಾಡಿದರು. ಕಾನೂನು, ಸಲಹೆ, ಪಟ್ಟಿ ಮಾಡೋ ಕೆಲಸ ಸರ್ಕಾರಿ ಸಂಸ್ಥೆಯಲ್ಲೇ ಉಳೀತು. 400ಕ್ಕೂ ಹೆಚ್ಚು ತಾಣಗಳ ನಿರ್ವಹಣೆ ಒಂದು ದತ್ತಿ ಸಂಸ್ಥೆಗೆ ಹೋಯಿತು, ಒಡೆತನ ಮಾತ್ರ ಬಿಟ್ಟುಕೊಡಲಿಲ್ಲ. ಜೊತೆಗೆ 8 ಕೋಟಿ ಪೌಂಡ್ ಕೊಟ್ಟರು, ಬಾಕಿ ಬಿದ್ದಿದ್ದ ದುರಸ್ತಿಯನ್ನೂ ಅದರಲ್ಲಿ ತೀರಿಸಿಕೊಂಡು ಕ್ರಮೇಣ ಸ್ವಂತ ಕಾಲ ಮೇಲೆ ನಿಲ್ಲಿ ಅಂತ. ಆ ಮೊತ್ತ ಸಾಲಲ್ಲ ಅಂತ ಆಗಲೇ ತಕರಾರು ಇತ್ತು, ಇರಲಿ. ದುರಸ್ತಿ ಬಾಕಿ ಅನ್ನೋದು ಒಂದು ಸಾಲ, ಅದನ್ನ ಲೆಕ್ಕ ಹಾಕದೆ ಯಾರ ತಲೆಗೂ ಕಟ್ಟಬಾರದು ಅನ್ನೋ ಬುದ್ಧಿಯಾದರೂ ಇತ್ತಲ್ಲ. ನಮ್ಮಲ್ಲಿ ಆ ಲೆಕ್ಕವನ್ನ ಮುಂದಿಟ್ಟು ಚರ್ಚೆ ಮಾಡಿದ್ದು ನಾನಂತೂ ನೋಡಿಲ್ಲ.

ನಮ್ಮ ನೆಲದಲ್ಲೂ ಮಾದರಿ ಇಲ್ಲದಿಲ್ಲ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟು ಹಳೇ ದೇಗುಲಗಳನ್ನ ಎತ್ತಿ ನಿಲ್ಲಿಸಿದ ಕ್ರಮದಲ್ಲಿ ಸರ್ಕಾರ 40, ಟ್ರಸ್ಟು 40, ಊರವರು 20 ಅನ್ನೋ ಹಂಚಿಕೆ ಇದೆ. ನನಗೆ ಮುಖ್ಯ ಅನ್ನಿಸೋದು ಆ 20. ತನ್ನ ಜೇಬಿನಿಂದ ಕೊಟ್ಟ ಊರು ಸಿಮೆಂಟ್ ಬಂತೋ ಗಾರೆ ಬಂತೋ ಅಂತ ದಿನಾ ಹೋಗಿ ನೋಡುತ್ತೆ. ಸ್ಮಾರಕಗಳನ್ನ ನೋಡಿಕೊಳ್ಳೋಕೆ ಕಂಪನಿಗಳಿಗೆ ದತ್ತು ಕೊಡೋ ಯೋಜನೆಗಳಲ್ಲಿ ಈ ಕಣ್ಣು ಇರಲ್ಲ. ಅಲ್ಲಿ ಫಲಕ ದೊಡ್ಡದಿರುತ್ತೆ. ಅದೂ ದತ್ತು ಬೇಕು ಅನ್ನಿಸೋದು ಪ್ರಸಿದ್ಧ ಕೋಟೆ ಅರಮನೆಗಳೇ, ನಮ್ಮ ಐನೋರ ಗುಡಿಯನ್ನ ಯಾವ ಕಂಪನಿ ಕೇಳುತ್ತೆ?

ಹಾಗಾಗಿ ನನ್ನ ಮಾತು ಇಷ್ಟು. ಕಲ್ಲಿನ ಮೇಲೆ ಕೈ ಇಡೋ ಅಧಿಕಾರ ಪುರಾತತ್ವದ ಹತ್ತಿರವೇ ಇರಲಿ. ಪ್ರವಾಸೋದ್ಯಮ ದುಡ್ಡು ಕೊಡಲಿ, ರಸ್ತೆ, ನೀರು, ಶೌಚಾಲಯ ನೋಡಲಿ, ಗೇಟಿನ ಒಳಗೆ ಬರೋದು ಬೇಡ. ರಾಜ್ಯದ ಸ್ಮಾರಕಗಳಿಂದ ಬರೋ ಆದಾಯದಲ್ಲಿ ಒಂದು ಪಾಲು, ಜನ ಬಾರದ ಗುಡಿಗಳ ವಾರ್ಷಿಕ ನಿರ್ವಹಣೆಗೆ ಅಂತಲೇ ಪ್ರತ್ಯೇಕ ಲೆಕ್ಕ ಶೀರ್ಷಿಕೆಯಲ್ಲಿ ಹೋಗಲಿ. ಗಿಡ ಕೀಳೋದು, ಸೋರಿಕೆ ಮುಚ್ಚೋದು, ಚರಂಡಿ ಬಿಡಿಸೋದು ಇಂಥದಕ್ಕೆ ಟೆಂಡರಿಗೆ ಕಾಯದೆ, ತರಬೇತಾದ ಒಂದು ತಂಡ ಜಿಲ್ಲೆಗೊಂದು ಇರಲಿ. ಕಾವಲುಗಾರನ ಸಂಬಳ ತಿಂಗಳಿಗೆ ಸರಿಯಾಗಿ ಆಗಲಿ. ಯಾವ ಹಸ್ತಾಂತರದ ಆದೇಶ ಬಂದರೂ ನಾನು ಮೊದಲು ಹುಡುಕೋದು ಇವೇ ಸಾಲುಗಳನ್ನ.

ಇನ್ನೊಂದು ವಿಷಯ, ಇದು ನೀವೇ ಮಾಡಬಹುದಾದದ್ದು. ನಿಮ್ಮೂರ ಹಳೇ ಗುಡಿ, ಬಾವಿ, ಕೋಟೆಯ ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಸಂರಕ್ಷಿತ ಸ್ಮಾರಕ ಅಂತ ನಮೂದಾಗಿದೆಯಾ ನೋಡಿ. ಆಗಿಲ್ಲದಿದ್ದರೆ ತಹಶೀಲ್ದಾರರಿಗೆ ಒಂದು ಅರ್ಜಿ ಕೊಟ್ಟು, ಸ್ವೀಕೃತಿ ಇಸ್ಕೊಂಡು ಬನ್ನಿ.