ಸಹಿ ಹಾಕಿದವರೇ ಬಂದು ಬಿಡಿಸಬೇಕೆಂಬುದು ತಪ್ಪು ಮಾಹಿತಿ

ಮಾನಸಿಕ ಆಸ್ಪತ್ರೆಗೋ ಪುನರ್ವಸತಿ ಕೇಂದ್ರಕ್ಕೋ ಸೇರಿಸಿದವರನ್ನು, ಅಂದು ಸಹಿ ಹಾಕಿದವರೇ ಬಂದು ಬಿಡಿಸಬೇಕು, ಬೇರೆ ಯಾರಿಗೂ ಕೇಳುವ ಹಕ್ಕಿಲ್ಲ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದನ್ನು ನಂಬಿ ಒಡಹುಟ್ಟಿದವರು ಗೇಟಿನಿಂದಲೇ ಹಿಂದಿರುಗಿದರೆ ಒಳಗಿರುವವರ ಗತಿಯೇನು?

2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ, ಪ್ರತಿನಿಧಿಯ (ಚಿಕಿತ್ಸೆಯ ವಿಷಯದಲ್ಲಿ ರೋಗಿಯ ಪರವಾಗಿ ನಿಲ್ಲುವವರ) ಕೋರಿಕೆಯ ಮೇರೆಗೆ ಆದ ದಾಖಲಾತಿ ಮೊದಲಿಗೆ 30 ದಿನಗಳಿಗೆ ಮಾತ್ರ. ಅದಕ್ಕೂ ಮನೋವೈದ್ಯರೂ ಸೇರಿ ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಿರಬೇಕು. ಆ ಪ್ರತಿನಿಧಿಯನ್ನು ರೋಗಿ ಯಾವಾಗ ಬೇಕಾದರೂ ಬದಲಿಸಬಹುದು. ರೋಗಿ ಬಿಳಿ ಹಾಳೆಯ ಮೇಲೆ ಹೊಸ ಪ್ರತಿನಿಧಿಯಾಗಿ ನಿಮ್ಮ ಹೆಸರು ಬರೆದು, ಸಹಿ ಹಾಕಿ ಅಥವಾ ಹೆಬ್ಬೆಟ್ಟು ಒತ್ತಿ, ನೀವೂ ಲಿಖಿತವಾಗಿ ಒಪ್ಪಿದರೆ ಸಾಕು.

ದಾಖಲಾತಿಯನ್ನು ಪ್ರಶ್ನಿಸಿ ರೋಗಿ, ಪ್ರತಿನಿಧಿ, ಅಥವಾ ರೋಗಿಯ ಒಪ್ಪಿಗೆ ಪಡೆದ ನೋಂದಾಯಿತ ಸ್ವಯಂಸೇವಾ ಸಂಸ್ಥೆ ಇಂಥ ದೂರುಗಳನ್ನು ಕೇಳಿ ತೀರ್ಮಾನಿಸುವ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ಅರ್ಜಿ ಕೊಡಬಹುದು. ಶುಲ್ಕವಿಲ್ಲ. ವಿಶೇಷ ಸಂದರ್ಭದಲ್ಲಿ ಒಳಗಿರುವವರು ಫೋನ್‌ನಲ್ಲಿ ಹೇಳಿದ್ದನ್ನೂ ಮಂಡಳಿ ಅರ್ಜಿಯೆಂದು ಸ್ವೀಕರಿಸಬಹುದು. ಇಡೀ ಕಾಯ್ದೆಯಲ್ಲಿ ನನಗೆ ಅತ್ಯಂತ ಮಾನವೀಯವೆನಿಸಿದ ಸಾಲು ಇದು. ಇಂಥ ಅರ್ಜಿ 7 ದಿನಗಳಲ್ಲಿ ಇತ್ಯರ್ಥವಾಗಬೇಕು. ತೀರ್ಮಾನ ಸರಿಯೆನಿಸದಿದ್ದರೆ 30 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು.

ಇನ್ನು ‘ಮನೆಯವರು ಕರೆದೊಯ್ಯುತ್ತಿಲ್ಲ’ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಇಟ್ಟುಕೊಳ್ಳುವಂತಿಲ್ಲ ಎಂದು 19ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ.

ಯಾವ ಪ್ರಕ್ರಿಯೆಯೂ ಇಲ್ಲದೆ ಕೂಡಿಹಾಕಿದ್ದರೆ ಸಂಬಂಧಿಕರೇ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ (ಕೂಡಿಹಾಕಿದವರನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿ ಎಂಬ ಕೋರಿಕೆ) ಹಾಕಬಹುದು. ಬೆಂಗಳೂರಲ್ಲದೆ ಧಾರವಾಡ, ಕಲಬುರಗಿಯಲ್ಲೂ ಪೀಠಗಳಿವೆ. ವಕೀಲರ ಖರ್ಚಿಗೆ ಹೆದರಬೇಡಿ: ರೋಗಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ, ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ.