ಹರಿಶ್ಚಂದ್ರನ ಮೊಮ್ಮಗ

ದೀಪಾವಳಿ ಹೊತ್ತಿಗೆ ದಾವಣಗೆರೆ ಸೀಮೆಯ ರಸ್ತೆ ಅರ್ಧ ಬಸ್ಸಿಗೆ, ಅರ್ಧ ಮೆಕ್ಕೆಜೋಳಕ್ಕೆ. ಅಲ್ಲೇ ಹರವಿ ಒಣಗಿಸಿ, ಚೀಲ ಕಟ್ಟಿ ಟ್ರ್ಯಾಕ್ಟರ್‌ಗೆ ಹೇರಿ ತಂದರೆ ಮಾರುಕಟ್ಟೆಯಲ್ಲಿ ಕೂತಿರುತ್ತಾನೆ ಸತ್ಯಹರಿಶ್ಚಂದ್ರನ ಮೊಮ್ಮಗ, ತೇವಾಂಶದ ಮೀಟರ್.

“ನಾನೇನೂ ಹೇಳ್ತಿಲ್ಲ ಯಜಮಾನ್ರೆ, ಮೀಟರ್ ಹೇಳ್ತೈತೆ. ಹದಿನೇಳು,” ಅಂತಾನೆ ಕೊಳ್ಳುವವನು.

ಬೆಂಬಲ ಬೆಲೆಯ ಖರೀದಿಗೆ ತೇವಾಂಶ ಶೇಕಡಾ 14 ದಾಟುವಂತಿಲ್ಲ. ರೈತ ಒಂದು ಕಾಳು ಹಲ್ಲಿಗೆ ಕೊಟ್ಟು ಕಟಕ್ ಅನ್ನಿಸಿ “ಇದು ಹಸಿನಾ?” ಅಂದರೆ ಅದು ಅವನ ಅಭಿಪ್ರಾಯ. ಮೀಟರ್ ಹೇಳಿದ್ದು ವಿಜ್ಞಾನ.

ಪಾಪ, ಮೊಮ್ಮಗ ನೀರನ್ನು ಕಂಡೇ ಇಲ್ಲ. ಬಟ್ಟಲಿನ ಎರಡು ಲೋಹದ ಗೋಡೆಗಳ ನಡುವೆ ಕಾಳು ಬಿದ್ದಾಗ ವಿದ್ಯುತ್ ಧಾರಕತೆ, ಅಂದರೆ ವಿದ್ಯುದಾವೇಶ ಹಿಡಿದಿಡುವ ಶಕ್ತಿ, ಎಷ್ಟು ಬದಲಾಯಿತು, ಅವನಿಗೆ ಗೊತ್ತಿರುವುದು ಅಷ್ಟೇ. ಆ ಶಕ್ತಿಯನ್ನು ಒಂದು ವಸ್ತು ಎಷ್ಟು ಪಟ್ಟು ಏರಿಸುತ್ತದೆ ಅನ್ನುವುದೇ ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ. ನೀರಿನದು ಸುಮಾರು 80, ಒಣ ಕಾಳಿನದು ಒಂದಂಕಿಯೊಳಗೆ. ಆದ್ದರಿಂದ ಧಾರಕತೆ ಏರಿದರೆ ನೀರು ಜಾಸ್ತಿ ಅನ್ನುವುದು ಸಿದ್ಧಾಂತ. ಅದನ್ನು ಶೇಕಡಾ ಲೆಕ್ಕಕ್ಕೆ ಇಳಿಸುವ ಪಟ್ಟಿ ಬೇರೆ ಯಾವುದೋ ಕಾಳು ಅಳೆದು ಮೊದಲೇ ತುಂಬಿಟ್ಟದ್ದು. ಭತ್ತದ ಬಟನ್ ಒತ್ತಿ ಮೆಕ್ಕೆಜೋಳ ಅಳೆದರೆ ಅವನು ಭತ್ತದ ಸತ್ಯವನ್ನೇ ಹೇಳುತ್ತಾನೆ. ಬಟ್ಟಲು ಕುಟ್ಟಿ ತುಂಬಿದರೆ ಅಂಕಿ ಏರುತ್ತದೆ. ಕಾಳಿನ ಮೈಮೇಲೆ ಬೆಳಗಿನ ಇಬ್ಬನಿ ಇದ್ದರೂ ಏರುತ್ತದೆ, ಬಿಸಿಲಲ್ಲಿ ಕಾದ ಕಾಳನ್ನು ಶಾಖದ ತಿದ್ದುಪಡಿಯಿಲ್ಲದೆ ಅಳೆದರೂ ಅಷ್ಟೇ. ಅವಸರದಲ್ಲಿ ಒಣಗಿಸಿದ ಕಾಳು ಹೊರಗೆ ಒಣ, ಒಳಗೆ ಹಸಿ, ಆಗ ಇಳಿಯುತ್ತದೆ. 14ರ ಮಾಲು 15 ಅಂತ ಬಂದರೆ ನೀರು ಕಳೆದು ಉಳಿದ ಒಣತೂಕದ ಲೆಕ್ಕದಲ್ಲಿ ಕ್ವಿಂಟಲ್‌ಗೆ 1.16 ಕೆಜಿ ಕಡಿತ. 50 ಕ್ವಿಂಟಲ್‌ಗೆ 58 ಕೆಜಿ, ಹತ್ತಿರಹತ್ತಿರ ಒಂದು ಚೀಲ.

ಮೇಲ್ಮನವಿಗೆ ಓವನ್ ಇದೆ. 15 ಗ್ರಾಂ ಇಡೀ ಕಾಳು, 103 ಡಿಗ್ರಿ ಸೆಲ್ಸಿಯಸ್, 72 ಗಂಟೆ. ತೂಕ ಇಳಿದಷ್ಟೂ ನೀರು ಅಂತ ಲೆಕ್ಕ. ಇಳಿದದ್ದೆಲ್ಲ ನೀರೇನಾ? ಆವಿಯಾಗುವ ಬೇರೆ ಪದಾರ್ಥವೂ ಒಂದಿಷ್ಟು ಹೋಗಿರುತ್ತದೆ, ಕಾಳಿಗೆ ಕಚ್ಚಿಕೊಂಡ ನೀರು ಒಂದಿಷ್ಟು ಉಳಿದಿರುತ್ತದೆ. ಅಂತೂ ಸುಪ್ರೀಂ ಕೋರ್ಟಿನಲ್ಲೂ ಸಿದ್ಧಾಂತವೇ ಕೂತಿದೆ. (ತೀರ್ಪಿಗೆ ಮೂರು ದಿನ, ಅಷ್ಟರಲ್ಲಿ ದರ ಎಲ್ಲಿಗೆ ಇಳಿದಿರುತ್ತದೋ.)

ಭೌತವಿಜ್ಞಾನದ ಪ್ರಯೋಗ ಅಂದರೆ ಬರೀ ಕಂಡದ್ದಲ್ಲ, ಕಂಡದ್ದಕ್ಕೆ ಸಿದ್ಧಾಂತ ಹಚ್ಚಿ ಅರ್ಥ ಹೇಳಿದ್ದು ಅಂತ ಫ್ರಾನ್ಸಿನ ಭೌತವಿಜ್ಞಾನಿ ಪಿಯರ್ ದುಹೆಮ್ 1906ರಲ್ಲೇ ವಾದಿಸಿದ್ದ. ಇದನ್ನು ಕೇಳಿದ್ದೇ ತಡ, ಇನ್ನೊಂದು ಬಗೆಯ ಪಂಡಿತರು ಏಳುತ್ತಾರೆ: “ಹಂಗಾದ್ರೆ ಮೀಟರೂ ಒಂದೇ, ಹಲ್ಲೂ ಒಂದೇ, ಎಲ್ಲಾ ಅವರವರ ದೃಷ್ಟಿ.” ಅಲ್ಲ ಸ್ವಾಮಿ. ಧಾರಕತೆಯ ಸಿದ್ಧಾಂತಕ್ಕೆ ಜೋಳದ ದರ ಗೊತ್ತಿಲ್ಲ, ಇದು ಯಾರ ಜೋಳ ಅಂತಲೂ ಗೊತ್ತಿಲ್ಲ. ಜಗಳದಲ್ಲಿ ಅದಕ್ಕೆ ಪಾಲಿಲ್ಲ, ಹಾಗಾಗಿ ಅದರ ತಪ್ಪು ಹಿಡಿಯಬಹುದು. ಚೀಲದ ಮೇಲೆ, ನಡುವೆ, ತಳದಲ್ಲಿ ಮಾದರಿ ತೆಗೆದು ಬೆರೆಸಿ ಮೂರು ಸಲ ಅಳೆಯಿರಿ. ಓವನ್‌ನಲ್ಲಿ ತೇವಾಂಶ ತಿಳಿದ ಕಾಳನ್ನು ಎಲ್ಲರೆದುರು ಅದೇ ಬಟ್ಟಲಿಗೆ ಹಾಕಿ ನೋಡಿ. ಪಾಲಿರುವ ಸಿದ್ಧಾಂತ ಒಂದೇ, ‘ರೈತ ತಂದದ್ದು ಹಸಿ’ ಅನ್ನುವುದು. ಅದು ಬಟ್ಟಲಲ್ಲಿಲ್ಲ, ಬಟ್ಟಲು ತುಂಬುವ ಕೈಯಲ್ಲಿದೆ.

ಇಷ್ಟು ಕೇಳಿದರೆ “ಮಿಷನ್ ಮೇಲೇ ಅನುಮಾನನಾ?” ಅಂತ ಗದರುತ್ತಾರೆ. ಛೆ ಛೆ. ಕೊಳ್ಳುವಾಗ 17 ಇದ್ದ ಮಾಲು ಅದೇ ಸಂಜೆ ಕೋಳಿಮೇವಿನ ಕಾರ್ಖಾನೆಯ ಗೇಟಿನಲ್ಲಿ 14ಕ್ಕೆ ಇಳಿದರೆ ಅದಕ್ಕೂ ವೈಜ್ಞಾನಿಕ ಕಾರಣವಿದ್ದೇ ಇರುತ್ತದೆ. ದಾರಿಯಲ್ಲಿ ಲಾರಿಗೆ ಬಿಸಿಲು ಜೋರಾಗಿ ಬಡಿದಿರಬೇಕು.